ಒಂದು ರಾತ್ರಿಯ ಅಳತೆಗೆ ಗಾಜೆಂಬ ಹೆಸರು

ಕಾಂತವಸ್ತುಗಳ ಬಗೆಗಿನ ಸಂಶೋಧನಾ ಪ್ರಬಂಧಗಳನ್ನು ಓದುವವರಿಗೆ ಒಂದು ಚಿತ್ರ ತೀರಾ ಪರಿಚಿತ. ಅಡ್ಡಗೆರೆಯಲ್ಲಿ ತಾಪಮಾನ, ಲಂಬಗೆರೆಯಲ್ಲಿ ಕಾಂತತೆ. ಬಲಗಡೆ, ಅಂದರೆ ಬಿಸಿಯ ಕಡೆ, ಎರಡು ಗೆರೆಗಳು ಒಂದರ ಮೇಲೊಂದು ಮಲಗಿರುತ್ತವೆ. ಎಡಕ್ಕೆ ಬಂದಂತೆ, ತಂಪು ಹೆಚ್ಚಿದಂತೆ, ಒಂದು ಹಂತದಲ್ಲಿ ಅವು ಬೇರೆಯಾಗುತ್ತವೆ; ಒಂದು ಮೇಲೇ ಉಳಿಯುತ್ತದೆ, ಇನ್ನೊಂದು ಕೆಳಗೆ ಬಾಗುತ್ತದೆ. ಮೇಲಿನದು ವಸ್ತುವನ್ನು ಕಾಂತಕ್ಷೇತ್ರದೊಳಗೇ ತಂಪಾಗಿಸಿ ಅಳೆದದ್ದು. ಕೆಳಗಿನದು ಕ್ಷೇತ್ರವಿಲ್ಲದೆ ತಂಪಾಗಿಸಿ, ತಳ ಮುಟ್ಟಿದ ಮೇಲೆ ಕ್ಷೇತ್ರ ಹಾಕಿ, ಬಿಸಿ ಮಾಡುತ್ತಾ ಅಳೆದದ್ದು. ಚಿತ್ರದ ಹಿಂದೆಯೇ ಬರುವ ತೀರ್ಮಾನವೂ ಅಷ್ಟೇ ಪರಿಚಿತ: ಎರಡು ಗೆರೆಗಳು ಬೇರೆಯಾಗಿವೆ, ಆದ್ದರಿಂದ ಈ ವಸ್ತು ಸ್ಪಿನ್ ಗ್ಲಾಸ್.

ಈ 'ಆದ್ದರಿಂದ' ಒಪ್ಪತಕ್ಕದ್ದಲ್ಲ. ಗೆರೆಗಳು ಬೇರೆಯಾಗುವುದು ಸ್ಪಿನ್ ಗ್ಲಾಸಿನ ಲಕ್ಷಣ ಹೌದು. ಅದಕ್ಕೆ ಯಾವ ಸಂಬಂಧವೂ ಇಲ್ಲದ ಬೇರೆ ಹಲವು ಬಗೆಯ ವಸ್ತುಗಳ ಲಕ್ಷಣವೂ ಹೌದು. ಜ್ವರ ಬಂದವರಿಗೆಲ್ಲ ಮಲೇರಿಯಾ ಎಂದು ಬರೆದುಕೊಡುವ ವೈದ್ಯರನ್ನು ಯಾರೂ ನಂಬುವುದಿಲ್ಲ. ಆದರೆ ಒಂದೇ ರಾತ್ರಿಯ ಅಳತೆಯ ಮೇಲೆ ವಸ್ತುವಿಗೆ ಗಾಜೆಂದು ಹೆಸರಿಡುವ ಅಭ್ಯಾಸ ದಶಕಗಳಿಂದ ನಡೆದುಕೊಂಡು ಬಂದಿದೆ. ಅಮೆರಿಕ, ಚೀನಾ, ಯುರೋಪು, ಭಾರತ ಎಂಬ ಭೇದ ಇದಕ್ಕಿಲ್ಲ. ನಿಧಾನಗತಿಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡ ವಿಜ್ಞಾನದ ಒಂದು ಶಾಖೆ ಅವಸರದ ಕೈಗೆ ಸಿಕ್ಕಿದೆ. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ.

ಮೊದಲು ಆ ಹೆಸರಿನೊಳಗೆ ಏನಿದೆ ಎಂದು ನೋಡಬೇಕು. ಕಾಂತವಸ್ತುವಿನ ಕೆಲವು ಪರಮಾಣುಗಳು ತಾವೇ ಪುಟ್ಟ ಆಯಸ್ಕಾಂತಗಳು. ಆ ಪುಟ್ಟ ಸೂಜಿಗೆ ಸ್ಪಿನ್ ಎಂದು ಹೆಸರು. ಕಬ್ಬಿಣದಲ್ಲಿ ಅಕ್ಕಪಕ್ಕದ ಸ್ಪಿನ್‌ಗಳು ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಬೇರೆ ಕೆಲವು ವಸ್ತುಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ನಿಲ್ಲುತ್ತವೆ. ಎರಡರಲ್ಲೂ ಒಂದು ಶಿಸ್ತಿದೆ. ಚಿನ್ನದಲ್ಲಿ ನೂರಕ್ಕೆ ಕೆಲವೇ ಪಾಲು ಕಬ್ಬಿಣವನ್ನೋ ತಾಮ್ರದಲ್ಲಿ ಕೊಂಚ ಮ್ಯಾಂಗನೀಸನ್ನೋ ಬೆರೆಸಿದಾಗ ಮಾತ್ರ ಕಥೆ ಬದಲಾಗುತ್ತದೆ. ಕಾಂತ ಪರಮಾಣುಗಳು ಅಲ್ಲೊಂದು ಇಲ್ಲೊಂದು ಚೆಲ್ಲಿಹೋಗಿರುತ್ತವೆ. ಅವುಗಳ ನಡುವಿನ ಮಾತುಕತೆ ಲೋಹದ ಎಲೆಕ್ಟ್ರಾನ್‌ಗಳ ಮೂಲಕ ನಡೆಯುತ್ತದೆ, ಮತ್ತು ಆ ಮಾತಿನ ಅರ್ಥ ದೂರವನ್ನು ಅವಲಂಬಿಸಿರುತ್ತದೆ. ಒಂದು ದೂರದಲ್ಲಿ 'ನನ್ನ ಹಾಗೇ ನಿಲ್ಲು' ಎಂಬ ಸಂದೇಶ, ಸ್ವಲ್ಪ ಆಚೆ ಹೋದರೆ 'ನನಗೆ ಬೆನ್ನು ಮಾಡಿ ನಿಲ್ಲು' ಎಂಬ ಸಂದೇಶ. ಒಂದೇ ಸ್ಪಿನ್‌ಗೆ ಹತ್ತು ದಿಕ್ಕಿನಿಂದ ಹತ್ತು ಬಗೆಯ ಅಪ್ಪಣೆ ಬರುತ್ತದೆ. ಎಲ್ಲವನ್ನೂ ಪಾಲಿಸಲು ಸಾಧ್ಯವಿಲ್ಲ. ಭೌತವಿಜ್ಞಾನಿಗಳು ಈ ಇಕ್ಕಟ್ಟಿಗೆ ಫ್ರಸ್ಟ್ರೇಶನ್ ಎನ್ನುತ್ತಾರೆ.

ಇಂಥ ಮಿಶ್ರಲೋಹವನ್ನು ತಂಪಾಗಿಸಿದರೆ ಒಂದು ತಾಪಮಾನದಲ್ಲಿ ಸ್ಪಿನ್‌ಗಳು ಅಂಕೆಯಿಲ್ಲದ ದಿಕ್ಕುಗಳಲ್ಲಿ ಇದ್ದಲ್ಲೇ ಹೆಪ್ಪುಗಟ್ಟುತ್ತವೆ. ಕಿಟಕಿಯ ಗಾಜಿನಲ್ಲಿ ಪರಮಾಣುಗಳು ಸ್ಫಟಿಕದ ಸಾಲುಗಳಿಗೆ ಸೇರದೆ, ದ್ರವದ ಅಸ್ತವ್ಯಸ್ತತೆಯಲ್ಲೇ ಸಿಕ್ಕಿಬಿದ್ದಿರುತ್ತವಲ್ಲ, ಹಾಗೆ. ಗಾಜು ಎಂಬ ಹೆಸರು ಬಂದದ್ದು ಅಲ್ಲಿಂದ. 1972ರಲ್ಲಿ ಕ್ಯಾನೆಲ್ಲಾ ಮತ್ತು ಮೈಡೋಷ್ ಚಿನ್ನ-ಕಬ್ಬಿಣದ ಮಿಶ್ರಲೋಹವನ್ನು ಬಹಳ ಸಣ್ಣ ಪರ್ಯಾಯ ಕಾಂತಕ್ಷೇತ್ರದಲ್ಲಿ ಅಳೆದು, ಆ ತಾಪಮಾನದಲ್ಲಿ ಚೂಪಾದ ಶಿಖರವೊಂದನ್ನು ತೋರಿಸಿದರು. ಅಚ್ಚರಿಯೆಂದರೆ, ಅದೇ ತಾಪಮಾನದಲ್ಲಿ ವಸ್ತುವಿನ ಉಷ್ಣಧಾರಣೆಯಲ್ಲಿ ಚೂಪಾದ ಗುರುತು ಯಾವುದೂ ಇರಲಿಲ್ಲ. ಕ್ಷೇತ್ರವನ್ನು ಹೆಚ್ಚಿಸಿದರೆ ಶಿಖರವೇ ಮೊಂಡಾಗುತ್ತಿತ್ತು. ಇದು ನಿಜವಾದ ಸ್ಥಿತ್ಯಂತರವೋ, ಬರೀ ಜಡತ್ವವೋ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. 1975ರಲ್ಲಿ ಎಡ್ವರ್ಡ್ಸ್ ಮತ್ತು ಆಂಡರ್ಸನ್ ಮೊದಲ ಸಿದ್ಧಾಂತ ಕೊಟ್ಟರು. ಅದೇ ವರ್ಷ ಶೆರಿಂಗ್ಟನ್ ಮತ್ತು ಕರ್ಕ್‌ಪ್ಯಾಟ್ರಿಕ್ ಇನ್ನೊಂದು ಮಾದರಿ ಕಟ್ಟಿದರು. 1979ರಲ್ಲಿ ಪರೀಸಿ ಅದರ ಪರಿಹಾರ ಕಂಡುಕೊಂಡರು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಆ ಪರಿಹಾರವನ್ನು ಗಣಿತದ ಕಟ್ಟುನಿಟ್ಟಿನಲ್ಲಿ ಸಾಧಿಸಿದ ತಾಲಗ್ರಾಂ 2024ರಲ್ಲಿ ಆಬೆಲ್ ಪ್ರಶಸ್ತಿ ಪಡೆದರು. ಹೆಸರಿಗೆ ಇಷ್ಟು ತೂಕ ಬಂದ ಮೇಲೆ ಅದನ್ನು ತಮ್ಮ ಮಾದರಿಗೂ ಅಂಟಿಸಿಕೊಳ್ಳುವ ಆಸೆ ಹೆಚ್ಚುವುದು ಸಹಜ.

ಆದರೆ ಆ ತೂಕ ಬಂದದ್ದು ಎರಡು ಗೆರೆಗಳಿಂದಲ್ಲ. ಸ್ವೀಡನ್ನಿನ ಉಪ್ಸಾಲಾದಲ್ಲಿ ಲುಂಡ್‌ಗ್ರೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ತಾಮ್ರ-ಮ್ಯಾಂಗನೀಸ್ ಮಿಶ್ರಲೋಹವನ್ನು ಹೆಪ್ಪುಗಟ್ಟುವ ತಾಪಮಾನಕ್ಕಿಂತ ಕೆಳಗೆ ಇಳಿಸಿ ಸುಮ್ಮನೆ ಕಾದರು. ಆಮೇಲೆ ಸಣ್ಣ ಕ್ಷೇತ್ರ ಹಾಕಿ, ಕಾಂತತೆ ಏರುವ ಬಗೆಯನ್ನು ಹೊತ್ತುಹೊತ್ತು ಅಳೆದರು. ಹೆಚ್ಚು ಕಾದ ಮಾದರಿ ಹೆಚ್ಚು ನಿಧಾನವಾಗಿ ಉತ್ತರಿಸಿತು. ಎಷ್ಟು ಹೊತ್ತು ಕಾದಿದ್ದರೋ ಸುಮಾರು ಅಷ್ಟೇ ಹೊತ್ತು ಕಳೆದಾಗ ಅದರ ಬದಲಾವಣೆಯ ವೇಗ ತುದಿ ಮುಟ್ಟಿತು. ಹೊರಗಿನಿಂದ ಏನೂ ಬದಲಾಗದಿದ್ದರೂ ಒಳಗೆ ವಸ್ತುವಿಗೆ ವಯಸ್ಸಾಗುತ್ತಿತ್ತು.

ಫ್ರಾನ್ಸಿನ ಸಾಕ್ಲೇ ಮತ್ತು ಉಪ್ಸಾಲಾದ ತಂಡಗಳು ಸೇರಿ 1998ರಲ್ಲಿ ಇನ್ನೂ ವಿಚಿತ್ರವಾದುದನ್ನು ತೋರಿಸಿದವು. ಕ್ಯಾಡ್ಮಿಯಂ, ಕ್ರೋಮಿಯಂ, ಇಂಡಿಯಂ, ಗಂಧಕಗಳ ಒಂದು ಸಂಯುಕ್ತವನ್ನು ತಂಪಾಗಿಸುತ್ತಾ 12 ಕೆಲ್ವಿನ್‌ನಲ್ಲಿ ಕೆಲವು ಗಂಟೆ ನಿಲ್ಲಿಸಿದರು. ನಿಂತಷ್ಟು ಹೊತ್ತು ಅದರ ಉತ್ತರ ಕುಗ್ಗುತ್ತಾ ಹೋಯಿತು. ಮತ್ತೆ ತಂಪಾಗಿಸಿದಾಗ ಆ ನಿಲುಗಡೆಯೇ ನಡೆದಿಲ್ಲವೆಂಬಂತೆ ಉತ್ತರ ಹಳೆಯ ಹಾದಿಗೆ ಮರಳಿತು. ಕೊನೆಗೆ ಎಲ್ಲೂ ನಿಲ್ಲಿಸದೆ ಬಿಸಿ ಮಾಡುತ್ತಾ ಬಂದರೆ, 12 ಕೆಲ್ವಿನ್ ಹತ್ತಿರ ಬಂದಾಗ ಅದು ತಾನಾಗಿ ಕುಗ್ಗಿತು. ಎಲ್ಲಿ ನಿಂತಿದ್ದೆ ಎಂಬುದನ್ನು ವಸ್ತು ಮರೆತಿರಲಿಲ್ಲ. ವಯಸ್ಸು, ಮರುಯೌವನ, ನೆನಪು, ಇವು ಸ್ಪಿನ್ ಗ್ಲಾಸಿನ ನಿಜವಾದ ಸ್ವಭಾವ. ಇವುಗಳಲ್ಲಿ ಒಂದೂ ಅವಸರದ ಅಳತೆಗೆ ಸಿಗುವುದಿಲ್ಲ. ಕಾದವರಿಗೆ ಮಾತ್ರ ಸಿಗುತ್ತದೆ.

ಈಗ ಆ ಎರಡು ಗೆರೆಗಳ ಸಾಕ್ಷ್ಯಕ್ಕೆ ಬರಬಹುದು. ಅದರ ಮಿತಿಯನ್ನು ತೋರಿಸಿದ ಕೆಲಸ ಎಲ್ಲೋ ದೂರದಲ್ಲಿ ಆಗಿಲ್ಲ. ಈ ಪತ್ರದ ಹಲವು ಓದುಗರು ವಾಸಿಸುವ ಪುಣೆಯಲ್ಲೇ ಆಗಿದೆ. ಅಲ್ಲಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಜಾಯ್, ಅನಿಲ್ ಕುಮಾರ್ ಮತ್ತು ದಾತೆ 1998ರಲ್ಲಿ, ಗಾಜಿನ ಸೋಂಕೂ ಇಲ್ಲದ, ಸ್ಪಿನ್‌ಗಳು ಶಿಸ್ತಾಗಿ ಸಾಲುಗೂಡಿದ ಕಾಂತವಸ್ತುಗಳಲ್ಲೂ ಈ ಗೆರೆಗಳು ಬೇರೆಯಾಗುತ್ತವೆ ಎಂದು ತೋರಿಸಿದರು. ಕಾರಣ ಸರಳ. ಕಾಂತತೆಗೆ ಸ್ಫಟಿಕದೊಳಗೆ ಇಷ್ಟದ ದಿಕ್ಕುಗಳಿರುತ್ತವೆ. ಆ ದಿಕ್ಕಿನಿಂದ ಅದನ್ನು ಹೊರಳಿಸಲು ಇಂತಿಷ್ಟು ಕ್ಷೇತ್ರ ಬೇಕು. ತಂಪಾದಂತೆ ಈ ಹಟ ಹೆಚ್ಚುತ್ತದೆ. ಹಾಕಿದ ಕ್ಷೇತ್ರ ಹಟಕ್ಕಿಂತ ಚಿಕ್ಕದಾದರೆ, ಕ್ಷೇತ್ರವಿಲ್ಲದೆ ತಂಪಾದ ಮಾದರಿ ಪೂರ್ತಿ ಹೊರಳಲಾರದೆ ಕೆಳಗೆ ಉಳಿಯುತ್ತದೆ. ಗೆರೆಗಳು ಬೇರೆಯಾದವು! ಅದರಲ್ಲಿ ಇಕ್ಕಟ್ಟೂ ಇಲ್ಲ, ಗಾಜೂ ಇಲ್ಲ. ಮಾಡಬೇಕಾದ ಪರೀಕ್ಷೆಗೂ ಹೊಸ ಯಂತ್ರ ಬೇಡ. ಅದೇ ಮಾದರಿಯ ಹಟದ ಪ್ರಮಾಣವನ್ನು ಬೇರೆ ಬೇರೆ ತಾಪಮಾನಗಳಲ್ಲಿ ಅಳೆದು, ಕೆಳಗಿನ ಗೆರೆಯ ಬಾಗನ್ನು ಅದರಿಂದಲೇ ವಿವರಿಸಲಾಗುತ್ತದೆಯೇ ಎಂದು ನೋಡಿದರೆ ಸಾಕು.

ಇನ್ನೊಂದು ಸಂದರ್ಭ ಅತಿಸಣ್ಣ ಕಣಗಳದು. ಕೆಲವೇ ನ್ಯಾನೋಮೀಟರ್ ಅಗಲದ ಕಾಂತಕಣಗಳು ಪರಸ್ಪರ ಮಾತೇ ಆಡದಿದ್ದರೂ, ತಂಪಾದಾಗ ಒಂದೊಂದೂ ತನ್ನ ಪಾಡಿಗೆ ತಾನು ಸಿಕ್ಕಿಕೊಳ್ಳುತ್ತದೆ. ಚಿತ್ರದಲ್ಲಿ ಕಾಣುವುದು ಮತ್ತೆ ಅದೇ ಶಿಖರ, ಅದೇ ಎರಡು ಗೆರೆ. ಸ್ಪಿನ್ ಗ್ಲಾಸ್ ಎಂದರೆ ಸಾಮೂಹಿಕ ಹೆಪ್ಪುಗಟ್ಟುವಿಕೆ. ಮನೆಮನೆಯಲ್ಲೂ ಜನ ಬೇರೆ ಬೇರೆಯಾಗಿ ಮಲಗಿದ್ದಕ್ಕೆ ಊರು ಬಂದ್ ಆಗಿದೆ ಎನ್ನಲಾಗದು.

ಮೂರನೆಯದು ಇಂದೋರಿನಿಂದ. ರಾಜಾ ರಾಮಣ್ಣನವರ ಹೆಸರು ಹೊತ್ತ ಉನ್ನತ ತಂತ್ರಜ್ಞಾನ ಕೇಂದ್ರದಲ್ಲೂ, ಯುಜಿಸಿ-ಡಿಎಇ ಸಂಶೋಧನಾ ಒಕ್ಕೂಟದಲ್ಲೂ ಎಸ್.ಬಿ. ರಾಯ್, ಪಿ. ಚಡ್ಡಾ ಮೊದಲಾದವರು ಸೀರಿಯಂ-ಕಬ್ಬಿಣದ ಸಂಯುಕ್ತಗಳು ಮತ್ತು ಮ್ಯಾಂಗನೈಟ್‌ಗಳನ್ನು ವರ್ಷಗಟ್ಟಲೆ ಅಳೆದರು. ಅಲ್ಲಿ ಕಂಡದ್ದು ಬೇರೆಯೇ ಬಗೆಯ ಗಾಜು. ಒಂದು ಕಾಂತಸ್ಥಿತಿಯಿಂದ ಇನ್ನೊಂದಕ್ಕೆ ಬದಲಾಗುವ ಹೊತ್ತಿನಲ್ಲಿ ವಸ್ತುವಿನ ಒಂದು ಭಾಗ ದಾಟಲಾರದೆ ಅರ್ಧದಲ್ಲೇ ನಿಂತುಬಿಡುತ್ತದೆ. ಅವರು ಅದನ್ನು ಮ್ಯಾಗ್ನೆಟಿಕ್ ಗ್ಲಾಸ್ ಎಂದು ಕರೆದು, ಸ್ಪಿನ್ ಗ್ಲಾಸಿನಿಂದ ಬೇರ್ಪಡಿಸಿ ಗುರುತಿಸುವ ಪ್ರಯೋಗಗಳನ್ನೂ ಮುಂದಿಟ್ಟರು. ಅದರಲ್ಲಿ ಒಂದು ವಿಧಾನ ಹೀಗೆ: ಒಂದು ಕ್ಷೇತ್ರದಲ್ಲಿ ತಂಪಾಗಿಸಿ, ಇನ್ನೊಂದು ಕ್ಷೇತ್ರದಲ್ಲಿ ಬಿಸಿ ಮಾಡುವುದು, ಮೊದಲು ತಂಪಿನ ಕ್ಷೇತ್ರ ಹೆಚ್ಚು, ಆಮೇಲೆ ಕಡಿಮೆ. ಅರ್ಧದಲ್ಲಿ ನಿಂತ ಸ್ಥಿತಿ ಒಂದು ಕ್ರಮದಲ್ಲಿ ಕರಗಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ, ಇನ್ನೊಂದರಲ್ಲಿ ಬಿಡುವುದಿಲ್ಲ. ಇವರೂ ಮೊದಲ ಚಿತ್ರ ನೋಡಿದ ಕೂಡಲೇ ಸ್ಪಿನ್ ಗ್ಲಾಸ್ ಎಂದು ಬರೆದು ಮುಂದಿನ ಮಾದರಿಗೆ ಹೋಗಿದ್ದರೆ ಈ ಅರಿವು ಕೈಗೆ ಬರುತ್ತಿರಲಿಲ್ಲ.

ಅವಸರದ ಹೆಸರಿನಿಂದ ಆಗುವ ಮೊದಲ ನಷ್ಟ ಇದೇ. ಹೆಸರು ಸಿಕ್ಕಿದ ಕ್ಷಣ ಪ್ರಶ್ನೆ ಮುಚ್ಚಿಹೋಗುತ್ತದೆ. ಪರಿಚಿತ ಪೆಟ್ಟಿಗೆಗೆ ಹಾಕಿದ ವಸ್ತುವನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ.

ಸಮರ್ಥಕರ ಬಳಿ ಉತ್ತರಗಳಿವೆ. ಎರಡು ಗೆರೆಗಳ ಮೇಲೇ ಯಾರೂ ನಿಲ್ಲುವುದಿಲ್ಲ, ಆವರ್ತನ ಬದಲಿಸಿಯೂ ಅಳೆಯುತ್ತಾರೆ ಎಂಬುದು ಮೊದಲನೆಯದು. ಪರ್ಯಾಯ ಕ್ಷೇತ್ರದ ಆವರ್ತನ ಹೆಚ್ಚಿಸಿದಾಗ ಶಿಖರ ಬಿಸಿಯ ಕಡೆಗೆ ಸರಿದರೆ ಅದು ಗಾಜು ಎಂಬ ವಾದ. ಇಲ್ಲೂ ಪ್ರಶ್ನೆ ಇರುವುದು ಎಷ್ಟು ಸರಿಯಿತು ಎಂಬುದರಲ್ಲಿ. ತಾಮ್ರ-ಮ್ಯಾಂಗನೀಸ್‌ನಂಥ ಮಾದರಿ ಸ್ಪಿನ್ ಗ್ಲಾಸಿನಲ್ಲಿ ಆವರ್ತನ ಹತ್ತು ಪಟ್ಟು ಹೆಚ್ಚಿದರೆ ಶಿಖರದ ತಾಪಮಾನ ಬದಲಾಗುವುದು ಸುಮಾರು 0.5 ಪ್ರತಿಶತ. ಪರಸ್ಪರ ಮಾತಾಡದ ಕಣಗಳಲ್ಲಿ ಅದು 10 ಪ್ರತಿಶತವನ್ನೂ ದಾಟುತ್ತದೆ. ಶಿಖರ 20 ಕೆಲ್ವಿನ್‌ನಲ್ಲಿದ್ದರೆ ಮೊದಲನೆಯದರಲ್ಲಿ 0.1 ಕೆಲ್ವಿನ್ ಸರಿತ, ಎರಡನೆಯದರಲ್ಲಿ 2 ಕೆಲ್ವಿನ್ ಅಥವಾ ಹೆಚ್ಚು. ಹೀಗಿರುವಾಗ ಒಂದೊಂದು ಕೆಲ್ವಿನ್ ಬಿಟ್ಟು ಚುಕ್ಕೆ ಇಟ್ಟು ಅಳೆದವರು 0.1 ಕೆಲ್ವಿನ್‌ನ ಸರಿತವನ್ನು ಕಂಡೆವೆನ್ನುವುದು ಅಡಿಕೋಲಿನಲ್ಲಿ ಕೂದಲಿನ ದಪ್ಪ ಅಳೆದ ಹಾಗೆ.

ಅದರ ಮುಂದಿನ ಹೆಜ್ಜೆ ಇನ್ನೂ ಶಿಥಿಲ. ನಾಲ್ಕೈದು ಆವರ್ತನಗಳಲ್ಲಿ ಸಿಕ್ಕ ನಾಲ್ಕೈದು ಚುಕ್ಕೆಗಳ ಮೇಲೆ ಮೂರು ಸಂಖ್ಯೆಗಳನ್ನು ಇಷ್ಟ ಬಂದಂತೆ ಹೊಂದಿಸಬಹುದಾದ ಸೂತ್ರವೊಂದನ್ನು ಕೂರಿಸಲಾಗುತ್ತದೆ. ಆ ಸಂಖ್ಯೆಗಳಲ್ಲಿ ಒಂದು, ಒಂಟಿ ಸ್ಪಿನ್ ಹೊರಳಲು ಬೇಕಾದ ಕಾಲ. ಅದು ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು ಎಂದು ಬಂದರೆ ಸ್ಪಿನ್ ಗ್ಲಾಸ್ ಸಾಬೀತಾಯಿತು ಎನ್ನುತ್ತಾರೆ. ಆದರೆ ಪ್ರಯೋಗ ಮುಟ್ಟಿದ ಅತಿ ಚಿಕ್ಕ ಕಾಲ ಸಾಮಾನ್ಯವಾಗಿ ಸೆಕೆಂಡಿನ ಲಕ್ಷದ ಒಂದು ಪಾಲಿನ ಆಸುಪಾಸು. ನಡುವೆ ಕೋಟಿ ಪಟ್ಟಿನ ಕಂದರವಿದೆ. ಅದನ್ನು ದಾಟಿರುವುದು ಬರೀ ಊಹೆಯ ಗೆರೆ. ಸೂತ್ರ ಕೂತಿತು ಎಂಬುದು ಸಾಕ್ಷ್ಯವಲ್ಲ. ಇಷ್ಟು ಕಡಿಮೆ ಚುಕ್ಕೆಗಳ ಮೇಲೆ ಬೇರೆ ಸೂತ್ರವೂ ಅಷ್ಟೇ ಚೆನ್ನಾಗಿ ಕೂರುತ್ತದೆ.

ನೆನಪಿನ ಪ್ರಯೋಗ ಮಾಡಿದರೂ ಮೋಸಹೋಗುವ ದಾರಿಯಿದೆ. 2003ರಲ್ಲಿ ಕಾಂತ ನ್ಯಾನೋಕಣಗಳಲ್ಲಿ ನೆನಪು ಕಂಡಿತೆಂಬ ಪ್ರಬಂಧ ಗಮನ ಸೆಳೆಯಿತು. ಕ್ಷೇತ್ರದೊಳಗೇ ತಂಪಾಗಿಸುತ್ತಾ ನಡುನಡುವೆ ನಿಲ್ಲಿಸಿ ಅಳೆದ ಅಳತೆ ಅದು. 2005ರಲ್ಲಿ ಸಸಾಕಿ ಮತ್ತು ಸಂಗಡಿಗರು ಆ ಬಗೆಯ ನೆನಪು ಪರಸ್ಪರ ಸಂಬಂಧವೇ ಇಲ್ಲದ, ಬೇರೆ ಬೇರೆ ಗಾತ್ರದ ಕಣಗಳಲ್ಲೂ ಬರುತ್ತದೆ ಎಂದು ತೋರಿಸಿದರು. ಕ್ಷೇತ್ರವಿಲ್ಲದೆ ತಂಪಾಗಿಸುವಾಗ ನಿಲ್ಲಿಸಿ, ಆಮೇಲೆ ಬಿಸಿ ಮಾಡುತ್ತಾ ಅಳೆದಾಗಲೂ ನೆನಪು ಉಳಿದರೆ ಮಾತ್ರ ಅದು ಸಾಮೂಹಿಕ ಹೆಪ್ಪುಗಟ್ಟುವಿಕೆಯ ಗುರುತು. ಈ ತಿದ್ದುಪಡಿ ಬಂದು ಇಪ್ಪತ್ತು ವರ್ಷ ಕಳೆದಿವೆ. ಆದರೂ ಹಳೆಯ ಸುಲಭದ ಅಳತೆಯನ್ನೇ ಮಾಡಿ ಹೊಸ ಗಾಜು ಸಿಕ್ಕಿತೆನ್ನುವುದು ನಿಂತಿಲ್ಲ.

ಇಷ್ಟೆಲ್ಲ ಆಕ್ಷೇಪ ಬಂದಾಗ ಬಳಕೆಗೆ ಬರುವ ಆಸರೆಯ ಪದ 'ಕ್ಲಸ್ಟರ್ ಗ್ಲಾಸ್'. ಒಂಟಿ ಸ್ಪಿನ್‌ಗಳಲ್ಲ, ಸ್ಪಿನ್‌ಗಳ ಗುಂಪುಗಳು ಹೆಪ್ಪುಗಟ್ಟಿವೆ ಎಂಬ ಅರ್ಥ. ನಿಜವಾದ ಕ್ಲಸ್ಟರ್ ಗ್ಲಾಸ್‌ಗಳು ಇವೆ. ಆದರೆ ಗುಂಪಿನ ಗಾತ್ರವನ್ನು ನ್ಯೂಟ್ರಾನ್ ಪ್ರಯೋಗದಿಂದಲೋ ಬೇರಾವುದರಿಂದಲೋ ಅಳೆಯದೆ, ಸಂಖ್ಯೆ ಸ್ಪಿನ್ ಗ್ಲಾಸಿಗೂ ಹೊಂದಲಿಲ್ಲ, ಒಂಟಿ ಕಣಗಳಿಗೂ ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಈ ಪದ ಹಾಕಿದರೆ, ಅದು ಗೊತ್ತಿಲ್ಲ ಎನ್ನುವುದರ ಗೌರವಾನ್ವಿತ ರೂಪ ಅಷ್ಟೇ. ಗೊತ್ತಿಲ್ಲ ಎಂದು ನೇರವಾಗಿ ಬರೆದರೆ ಮುಂದಿನವರಿಗೆ ಉಪಕಾರವಾದೀತು.

ಹೆಸರಿನಲ್ಲೇನಿದೆ, ಪರಿಣತರಿಗೆ ಒಳಗಿನ ಅರ್ಥ ಗೊತ್ತಿರುತ್ತದೆ ಎಂಬ ಮಾತೂ ಇದೆ. ಪರಿಣತರು ಮಾತ್ರ ಓದುವ ಕಾಲ ಮುಗಿದಿದೆ. ಪ್ರಬಂಧಗಳನ್ನು ಯಂತ್ರಗಳೇ ಓದಿ, ಕಾಂತವಸ್ತುಗಳ ಸ್ಥಿತ್ಯಂತರದ ತಾಪಮಾನಗಳನ್ನು ಆರಿಸಿ ಪಟ್ಟಿ ಕಟ್ಟುವ ಕೆಲಸ 2018ರಲ್ಲೇ ಶುರುವಾಗಿದೆ. ಅಂಥ ಪಟ್ಟಿಗೆ ಗೊತ್ತಾಗುವುದು ಬರೆದ ಪದ. ಬರೆದವರ ಮನಸ್ಸಿನಲ್ಲಿದ್ದ ಅನುಮಾನ ಗೊತ್ತಾಗುವುದಿಲ್ಲ. ನಾಳೆ ಅದೇ ಪಟ್ಟಿಯಿಂದ ಕಲಿತು ಯಂತ್ರವೊಂದು ಯಾವ ವಸ್ತು ಗಾಜಾಗುತ್ತದೆ ಎಂದು ಭವಿಷ್ಯ ಹೇಳಿದರೆ, ಅದು ಹೇಳುವುದು ಪ್ರಕೃತಿಯ ನಿಯಮವನ್ನೋ ಬರಹಗಾರರ ಚಾಳಿಯನ್ನೋ ತಿಳಿಯದಂತಾಗುತ್ತದೆ.

ಕೊನೆಯ ಸಮರ್ಥನೆ ಕಾಲ ಮತ್ತು ಹಣದ್ದು. ಇದರಲ್ಲಿ ನಿಜವಿದೆ. ಈ ಅಳತೆಗಳಿಗೆ ದ್ರವ ಹೀಲಿಯಂ ಬೇಕು; ಭಾರತ ತನ್ನ ಹೀಲಿಯಂ ಅಗತ್ಯವನ್ನು ಬಹುಪಾಲು ಆಮದಿನಿಂದಲೇ ತೀರಿಸಿಕೊಳ್ಳುತ್ತದೆ. ಒಳ್ಳೆಯ ಮ್ಯಾಗ್ನೆಟೋಮೀಟರ್ ಹಲವು ಪ್ರಯೋಗಾಲಯಗಳಿಗೆ ಸೇರಿ ಒಂದಿರುತ್ತದೆ. ಸಣ್ಣ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ತಿಂಗಳುಗಟ್ಟಲೆ ಸರದಿ ಕಾದು, ರೈಲು ಹತ್ತಿ ಬಂದು, ಕೈಗೆ ಸಿಕ್ಕ ಒಂದೆರಡು ದಿನದಲ್ಲಿ ತಂದ ಮಾದರಿಗಳನ್ನೆಲ್ಲ ಅಳೆಯಬೇಕು. ಅಂಥವರ ಮೇಲೆ ದೋಷ ಹೊರಿಸುವುದು ಅನ್ಯಾಯ. ದೋಷ ಇರುವುದು ಆ ವಿದ್ಯಾರ್ಥಿಗೆ ಹತ್ತು ಮಾದರಿ, ಹತ್ತು ಚಿತ್ರ, ಇಷ್ಟು ಪ್ರಬಂಧ ಎಂದು ಲೆಕ್ಕ ಕೇಳುವ ವ್ಯವಸ್ಥೆಯಲ್ಲಿ. ಪಿಎಚ್‌ಡಿಗೆ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ಷರತ್ತನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಕಾಗದದ ಮೇಲೆ ಷರತ್ತು ಹೋಯಿತು. ಕೆಲಸಕ್ಕೆ, ಬಡ್ತಿಗೆ, ಅನುದಾನಕ್ಕೆ ಎಣಿಕೆ ಉಳಿಯಿತು. ಎಣಿಸುವವರಿಗೆ ನಿಧಾನ ಕಾಣುವುದಿಲ್ಲ. ಒಂದು ಮಾದರಿಯನ್ನು ಒಂದು ವಾರ ತಂಪಿನಲ್ಲಿಟ್ಟು ಕಾದವರಿಗೂ, ಅದೇ ವಾರದಲ್ಲಿ ಏಳು ಮಾದರಿ ಮುಗಿಸಿದವರಿಗೂ ನಡುವೆ ಲೆಕ್ಕದ ಪುಸ್ತಕದಲ್ಲಿ ಗೆಲ್ಲುವುದು ಎರಡನೆಯವರೇ.

ಹೀಗಾಗಿ ಹಣವಿಲ್ಲ ಎಂಬ ವಾದ ಅರ್ಧ ಮಾತ್ರ ಸತ್ಯ. ಏಳು ಮಾದರಿಗೆ ಸಿಕ್ಕ ಹೀಲಿಯಂ ಒಂದು ಮಾದರಿಗೂ ಸಾಕಾಗುತ್ತದೆ. ಏಳು ಅನುಮಾನದ ಹೆಸರುಗಳಿಗಿಂತ ಒಂದು ಖಚಿತವಾದ ಅರಿವು ಅಗ್ಗ.

ಸ್ಪಿನ್ ಗ್ಲಾಸ್ ಎಂದರೇನು ಎಂಬುದೇ ಪೂರ್ತಿ ತೀರ್ಮಾನವಾಗಿಲ್ಲದಿರುವಾಗ ಇಷ್ಟು ಕಟ್ಟುನಿಟ್ಟು ಏಕೆ ಎಂದು ಯಾರಾದರೂ ಕೇಳಬಹುದು. ಪರೀಸಿಯವರ ಚಿತ್ರದಲ್ಲಿ ಹೆಪ್ಪುಗಟ್ಟಿದ ವಸ್ತುವಿಗೆ ಲೆಕ್ಕವಿಲ್ಲದಷ್ಟು ಸ್ಥಿತಿಗಳು. ಫಿಷರ್ ಮತ್ತು ಹ್ಯೂಸ್ 1980ರ ದಶಕದಲ್ಲಿ ಕೊಟ್ಟ ಚಿತ್ರದಲ್ಲಿ ಒಂದೇ ಬಗೆಯ ವ್ಯವಸ್ಥೆ ನಿಧಾನವಾಗಿ ಹಬ್ಬುತ್ತದೆ. ನಿಜವಾದ ಮೂರು ಆಯಾಮದ ವಸ್ತುವಿನಲ್ಲಿ ಯಾವುದು ಸರಿ ಎಂಬ ವಾದ ಇನ್ನೂ ನಡೆದಿದೆ. ಕಟ್ಟುನಿಟ್ಟು ಬೇಕಿರುವುದು ಅದಕ್ಕಾಗಿಯೇ. ಆ ವಾದ ಬಗೆಹರಿಯಬೇಕಾದರೆ ಇವು ಖಂಡಿತ ಸ್ಪಿನ್ ಗ್ಲಾಸ್ ಎನ್ನಬಹುದಾದ ವಸ್ತುಗಳು ಬೇಕು, ಅವುಗಳ ಮೇಲೆ ದೀರ್ಘಕಾಲದ ಅಳತೆ ಬೇಕು. ಕಾಳಿನೊಳಗೆ ಕಲ್ಲು ಬೆರೆತಿದ್ದರೆ ತೂಕ ಹಾಕಿ ಉಪಯೋಗವಿಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ. ಸ್ಪಿನ್ ಗ್ಲಾಸ್ ಎಂದು ಶೀರ್ಷಿಕೆಯಲ್ಲಿ ಬರೆಯುವ ಮುನ್ನ ಬಹಳ ಸಣ್ಣ ಕ್ಷೇತ್ರದಲ್ಲಿ, ಸೂಕ್ಷ್ಮ ತಾಪಮಾನದ ಹೆಜ್ಜೆಗಳಲ್ಲಿ ಶಿಖರವನ್ನು ಅಳೆದಿರಬೇಕು. ಅದೇ ತಾಪಮಾನದಲ್ಲಿ ಉಷ್ಣಧಾರಣೆಯಲ್ಲಿ ಚೂಪಾದ ಗುರುತಿಲ್ಲ ಎಂದು ನೋಡಿರಬೇಕು. ಉತ್ತರ ಕ್ಷೇತ್ರಕ್ಕೆ ಅನುಪಾತದಲ್ಲಿರದೆ ತಪ್ಪುವ ಪ್ರಮಾಣ, ಹೆಪ್ಪುಗಟ್ಟುವ ತಾಪಮಾನ ಹತ್ತಿರವಾದಂತೆ ವಿಪರೀತ ಬೆಳೆಯುತ್ತದೆಯೇ ಎಂದು ಪರೀಕ್ಷಿಸಿರಬೇಕು. ಬೆಳ್ಳಿ-ಮ್ಯಾಂಗನೀಸ್‌ನಂಥ ಮಿಶ್ರಲೋಹಗಳಲ್ಲಿ ನಿಜವಾದ ಸ್ಥಿತ್ಯಂತರವಿದೆ ಎಂದು 1980ರ ದಶಕದಲ್ಲಿ ನಂಬಿಕೆ ಬರಲು ಈ ಪರೀಕ್ಷೆಯೇ ಮುಖ್ಯ ಕಾರಣ. ಕ್ಷೇತ್ರವಿಲ್ಲದೆ ತಂಪಾಗಿಸಿ, ಕನಿಷ್ಠ ಎರಡು ಬೇರೆ ಕಾಯುವ ಅವಧಿಗಳಲ್ಲಿ ವಯಸ್ಸಾಗುವುದನ್ನು ತೋರಿಸಿರಬೇಕು. ಇದ್ಯಾವುದೂ ಆಗದಿದ್ದರೆ, 'ಇಷ್ಟು ತಾಪಮಾನದ ಕೆಳಗೆ ಕಾಂತತೆ ಇತಿಹಾಸವನ್ನು ಅವಲಂಬಿಸುತ್ತದೆ. ಕಾರಣ ತಿಳಿಯಬೇಕಿದೆ' ಎಂದು ಬರೆಯಬೇಕು. ಪರಿಶೀಲಕರು ಇದನ್ನು ಒತ್ತಾಯಿಸಬೇಕು. ಪಿಎಚ್‌ಡಿ ಪರೀಕ್ಷಕರು ಮಾದರಿಗಳ ಸಂಖ್ಯೆ ಕೇಳುವ ಬದಲು, ಒಂದೊಂದು ಮಾದರಿಯ ಬಳಿ ಎಷ್ಟು ಹೊತ್ತು ಕಾದಿರಿ ಎಂದು ಕೇಳಬೇಕು. ಉಪಕರಣಗಳ ಸರದಿ ಹಂಚುವ ಸಮಿತಿಗಳು, ಕಾಯುವ ಪ್ರಯೋಗಕ್ಕೆಂದೇ ವರ್ಷದಲ್ಲಿ ಕೆಲವು ವಾರ ತೆಗೆದಿಡಬೇಕು.

ಕೆಲವು ಗಂಟೆಗಳ ಅಂತರ ವಸ್ತುವಿನ ಉತ್ತರವನ್ನೇ ಬದಲಿಸುತ್ತದೆ ಎಂದು 1983ರಲ್ಲಿ ಒಂದು ತುಂಡು ತಾಮ್ರ-ಮ್ಯಾಂಗನೀಸ್ ತೋರಿಸಿಕೊಟ್ಟಿತು. ಅಂಥ ವಸ್ತುವಿನ ಮುಂದೆ ಆ ಕೆಲವು ಗಂಟೆ ಕೂರಲು ಪುರುಸೊತ್ತಿಲ್ಲದವರು ಅದಕ್ಕೆ ಹೆಸರಿಡುವ ಕೆಲಸವನ್ನೂ ಬಿಡುವುದು ಒಳ್ಳೆಯದು.